ಗಲ್ಲಾಕ್ಕೆ ಬಂದ ರೊಕ್ಕದಲ್ಲಿ ಊರಿಗೆ ಉಳಿಯೋದೆಷ್ಟು?

ಪ್ರಶ್ನೆ: ನಾನು ಕಲಬುರಗಿಯವಳು, ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ನಮ್ಮೂರಲ್ಲಿ ಹೊಸ ಹೋಟೆಲು, ಲಾಡ್ಜುಗಳು ಏಳುತ್ತಿವೆ. ಇವು ಊರಿನ ಆರ್ಥಿಕತೆಗೆ ದೊಡ್ಡ ಆಸರೆ ಅಂತ ನನ್ನ ವಾದ. ಅಪ್ಪ ಒಪ್ಪುವುದಿಲ್ಲ. "ಮಾಲಕರಿಗೆ ಲಾಭ, ಊರಿಗೆ ಎಂಜಲೆಲೆ. ರೊಕ್ಕ ಎಲ್ಲಾ ಉಡುಪಿಗೋ ಹೈದರಾಬಾದಿಗೋ ಹೋಗ್ತದ" ಅನ್ನುತ್ತಾರೆ. ಯಾರ ಮಾತು ಸರಿ? ಇದನ್ನು ಅಳೆಯುವುದು ಹೇಗೆ? ಹೊಸ ಹೋಟೆಲಿಗೆ ಸರ್ಕಾರ ಸಹಾಯಧನ ಕೊಡಬೇಕೇ?

ಉತ್ತರ: ನಿಮ್ಮ ಅಪ್ಪ ಎತ್ತಿರುವ ಪ್ರಶ್ನೆ ಸರಿಯಾದದ್ದು. ಬಂದ ರೊಕ್ಕ ಎಲ್ಲಿಗೆ ಹೋಯಿತು ಅಂತ ಕೇಳದೆ ಹೋಟೆಲಿನಿಂದ ಊರಿಗೆ ಆಗುವ ಲಾಭದ ಮಾತು ಆಡೋಕೇ ಆಗುವುದಿಲ್ಲ. ಆದರೆ ಅವರು ಕೊಟ್ಟ ಉತ್ತರ ಎಲ್ಲ ಹೋಟೆಲಿಗೂ ಹೊಂದುವುದಿಲ್ಲ. ಈ ಭಾಗದ ಖಾನಾವಳಿ, ಲಾಡ್ಜುಗಳ ಲೆಕ್ಕಪತ್ರ ನೋಡುವುದೇ ನನ್ನ ಕಸುಬು. ಆ ತಿಳಿವಳಿಕೆಯಿಂದ ಹೇಳುತ್ತೇನೆ. ಒಂದು ಹೋಟೆಲಿನಿಂದ ಊರಿಗೆ ಎಷ್ಟು ಸಿಗುತ್ತದೆ ಅನ್ನೋದು ಎರಡು ವಿಷಯದ ಮೇಲೆ ನಿಂತಿದೆ. ಗಿರಾಕಿ ಯಾವೂರಿನವನು? ಅವನು ಕೊಟ್ಟ ರೊಕ್ಕದಲ್ಲಿ ಸರಕು, ಪಗಾರ, ಬಾಡಿಗೆ ಅಂತ ಯಾರ ಕೈಗೆ ಎಷ್ಟು ಹೋಯಿತು? ಕಟ್ಟಡ ಎಷ್ಟು ಅಂತಸ್ತಿನದು, ಬಾಗಿಲಲ್ಲಿ ಎಷ್ಟು ಸ್ಟಾರ್ ಇವೆ ಅನ್ನೋದು ಆಮೇಲಿನ ಮಾತು.

ಮೊದಲು ಒಂದು ಅಂಕಿಯನ್ನು ಪಕ್ಕಕ್ಕಿಡಿ. ವ್ಯಾಪಾರದ ಒಟ್ಟು ಮೊತ್ತ. "ನಮ್ಮ ಹೋಟೆಲು ವರ್ಷಕ್ಕೆ ಎರಡು ಕೋಟಿ ವ್ಯಾಪಾರ ಮಾಡುತ್ತದೆ" ಅಂದರೆ ಊರಿನ ಆರ್ಥಿಕತೆಗೆ ಎರಡು ಕೋಟಿ ಸೇರಿತು ಅಂತ ಅರ್ಥವಲ್ಲ. ಅದರಲ್ಲಿ ಕಿರಾಣಿ ಅಂಗಡಿಯವರ ವ್ಯಾಪಾರ ಇದೆ, ಗ್ಯಾಸ್ ಕಂಪನಿಯ ವ್ಯಾಪಾರ ಇದೆ, ಹಾಲಿನವರದ್ದಿದೆ. ಎಲ್ಲರೂ ತಮ್ಮ ತಮ್ಮ ಮೊತ್ತ ಹೇಳಿದರೆ ಒಂದೇ ರೊಕ್ಕವನ್ನು ನಾಲ್ಕು ಸಲ ಎಣಿಸಿದ ಹಾಗಾಗುತ್ತದೆ. ಕೊಂಡ ಸರಕಿನ ಬೆಲೆ ಕಳೆದ ಮೇಲೆ ಉಳಿಯುವುದು, ಅಂದರೆ ಪಗಾರ, ಬಾಡಿಗೆ, ಬಡ್ಡಿ, ಲಾಭ, ಇಷ್ಟೇ ಹೋಟೆಲು ತಾನಾಗಿ ಸೇರಿಸಿದ ಮೌಲ್ಯ. ರಾಜ್ಯ ಸರ್ಕಾರ ಜಿಲ್ಲೆಗಳ ಆದಾಯ ಲೆಕ್ಕ ಹಾಕುವಾಗಲೂ ಹೀಗೇ ಹಾಕುತ್ತದೆ. ನೀವು ಪಠ್ಯದಲ್ಲಿ ಓದಿರುತ್ತೀರಿ. ಆದರೆ ಪತ್ರಿಕೆಯಲ್ಲಿ, ಭಾಷಣದಲ್ಲಿ ಬರುವ ದೊಡ್ಡ ದೊಡ್ಡ ಅಂಕಿಗಳು ಹೆಚ್ಚಾಗಿ ಒಟ್ಟು ವ್ಯಾಪಾರದ್ದೇ ಆಗಿರುತ್ತವೆ. ಎಚ್ಚರ ಇರಲಿ.

ಈಗ ಗಿರಾಕಿ ಯಾರು ಅನ್ನೋ ಮಾತು. ನೀವು ಗೆಳತಿಯರ ಜೊತೆ ಸೂಪರ್ ಮಾರ್ಕೆಟ್ ಹತ್ತಿರ ಹೋಗಿ 200 ರೂಪಾಯಿ ತಿಂಡಿಗೆ ಖರ್ಚು ಮಾಡಿದಿರಿ ಅನ್ನಿ. ಆ 200 ಊರಿಗೆ ಹೊಸದಾಗಿ ಬಂದಿದ್ದಲ್ಲ. ಹೋಟೆಲು ಇರದಿದ್ದರೆ ಅದನ್ನೇ ಬಟ್ಟೆಗೋ ಪುಸ್ತಕಕ್ಕೋ ಕೊಡುತ್ತಿದ್ದಿರಿ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತು, ಅಷ್ಟೇ. ಆದರೆ ಬೀದರಿನಿಂದ ಕೋರ್ಟಿನ ಕೆಲಸಕ್ಕೆ ಬಂದವರು ಕೊಟ್ಟ 200 ಹೊರಗಿನಿಂದ ಬಂದ ರೊಕ್ಕ. ಊರಿನ ಆದಾಯಕ್ಕೆ ನಿಜವಾಗಿ ಸೇರುವುದು ಅದು.

ಕಲಬುರಗಿಗೆ ಇಂಥ ಹೊರಗಿನ ಗಿರಾಕಿ ಎಲ್ಲಿಂದ ಬರುತ್ತಾರೆ? ಪ್ರವಾಸಿಗರು ಅಂತ ಎಲ್ಲರೂ ಥಟ್ಟನೆ ಹೇಳುತ್ತಾರೆ. ನಮ್ಮ ಲಾಡ್ಜುಗಳ ರಿಜಿಸ್ಟರ್ ತೆಗೆದು ನೋಡಿದರೆ ಬೇರೆಯೇ ಕಾಣುತ್ತದೆ. ಬಂದ ಕಾರಣ ಅನ್ನೋ ಕಾಲಮ್ಮಿನಲ್ಲಿ ಕೋರ್ಟು, ಆಸ್ಪತ್ರೆ, ಪರೀಕ್ಷೆ, ವ್ಯಾಪಾರ, ಆಫೀಸು ಕೆಲಸ ಅಂತಲೇ ಜಾಸ್ತಿ ಇರುತ್ತದೆ. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಇಲ್ಲಿಗೆ ಬಂತು, 2013ರಲ್ಲಿ ಅದು ಕಾಯಂ ಪೀಠವಾಯಿತು. ಬೀದರ್, ಯಾದಗಿರಿ, ರಾಯಚೂರು, ವಿಜಯಪುರದ ಕಕ್ಷಿದಾರರು ಅದಕ್ಕೂ ಮುಂಚೆ ಬೆಂಗಳೂರಿಗೆ ಹೋಗುತ್ತಿದ್ದರು. ಅಲ್ಲಿ ಲಾಡ್ಜಿಗೆ, ಊಟಕ್ಕೆ, ಆಟೋಕ್ಕೆ ಸುರಿಯುತ್ತಿದ್ದ ರೊಕ್ಕದಲ್ಲಿ ಒಂದು ಪಾಲು ಈಗ ಕಲಬುರಗಿಯಲ್ಲಿ ಖರ್ಚಾಗುತ್ತದೆ. ಆಸ್ಪತ್ರೆಯದೂ ಅದೇ ಕಥೆ. ಕಾರ್ಮಿಕರ ರಾಜ್ಯ ವಿಮಾ ನಿಗಮದ (ಇ.ಎಸ್.ಐ.) ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ ಶುರುವಾಯಿತು. ಒಬ್ಬ ರೋಗಿಯ ಜೊತೆ ಇಬ್ಬರು ಮೂವರು ಬರುತ್ತಾರೆ. ಅವರಿಗೆ ಕಡಿಮೆ ದರದ ಕೋಣೆ ಬೇಕು, ಹೊಟ್ಟೆ ತುಂಬುವ ಊಟ ಬೇಕು, ಬಿಸಿನೀರು ಬೇಕು. ಇವರಲ್ಲಿ ಬಹಳ ಜನ ಲಾಡ್ಜಿಗೆ ಹೋಗದೆ ಆಸ್ಪತ್ರೆಯ ವರಾಂಡದಲ್ಲೇ ಮಲಗುತ್ತಾರೆ. ಇಂಥವರಿಗೆ 300–400 ರೂಪಾಯಿಯ ಸ್ವಚ್ಛ ಕೋಣೆಗಳು ಊರಲ್ಲಿ ತೀರಾ ಕಡಿಮೆ. ಇದು ನನಗೆ ಬಹಳ ದಿನದಿಂದ ಕೊರೆಯುತ್ತಿರುವ ಮಾತು. ಹೊಸದಾಗಿ ಹಣ ಹೂಡುವವರ ಕಣ್ಣು ಬರೀ ಎ.ಸಿ. ಡೀಲಕ್ಸ್ ಕೋಣೆಗಳ ಮೇಲಿದೆ.

ಉರುಸು, ಜಾತ್ರೆಗಳ ಜನಜಂಗುಳಿ ನಿಮಗೆ ಗೊತ್ತೇ ಇದೆ. ಖಾಜಾ ಬಂದೇ ನವಾಜ್ ಉರುಸಿಗೆ, ಹೋಳಿ ಕಳೆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಗೆ ಊರು ತುಂಬುತ್ತದೆ. 2020ರ ಫೆಬ್ರವರಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆಯಿತು. ಅಂಥ ದಿನಗಳಲ್ಲಿ ಬಾಡಿಗೆ ಏರುತ್ತದೆ. ಆದರೆ ವರ್ಷವಿಡೀ ಲಾಡ್ಜು ನಡೆಸುವುದು ಅಂಥ ಮೂರು ನಾಲ್ಕು ದಿನಗಳಲ್ಲ. ವಾರದ ನಡುವೆ ಕೋರ್ಟಿಗೂ ಆಸ್ಪತ್ರೆಗೂ ಬಂದು ಒಂದು ರಾತ್ರಿ ಉಳಿಯುವ ಸಾಮಾನ್ಯ ಗಿರಾಕಿಯೇ ಅದನ್ನು ನಡೆಸುತ್ತಾನೆ.

ಇನ್ನು ರೊಕ್ಕ ಎಲ್ಲಿಗೆ ಹೋಗುತ್ತದೆ ಅನ್ನೋದು. ಇಲ್ಲಿ ಸುಮ್ನೆ ಮಾತಾಡಿದರೆ ಆಗದು, ಲೆಕ್ಕ ಬಿಚ್ಚಬೇಕು. ಒಂದು ಸಾದಾ ಖಾನಾವಳಿ ತಗೊಳ್ಳೋಣ. ಊಟಕ್ಕೆ 120 ರೂಪಾಯಿ. ಮೂರು ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಲೆ, ಬೇಳೆ, ಶೇಂಗಾ ಹಿಂಡಿ, ಮೊಸರು, ಅನ್ನ, ಸಾರು, ಜೊತೆಗೆ ಹಸಿ ಉಳ್ಳಾಗಡ್ಡಿ. ಕೆಳಗಿನ ಅಂಕಿಗಳು ಉದಾಹರಣೆಗೆ ಹಾಕಿದವು. ನಿಮ್ಮ ಕೈಗೆ ಸಿಗುವ ಖಾನಾವಳಿಯ ಅಂಕಿ ಹಾಕಿ ನೀವೇ ತಿದ್ದಿಕೊಳ್ಳಬಹುದು.

ರೊಟ್ಟಿಯಿಂದ ಶುರು ಮಾಡೋಣ. ಬಹಳಷ್ಟು ಖಾನಾವಳಿಗಳಲ್ಲಿ ಬಿಸಿ ರೊಟ್ಟಿ ಒಳಗೇ ಬಡಿಯುತ್ತಾರೆ, ಖಡಕ್ ರೊಟ್ಟಿ ಮನೆಗಳಿಂದ ಬರುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಹಿಂಬಾಗಿಲ ಹತ್ತಿರ ನಿಂತು ನೋಡಿ. ಬುಟ್ಟಿಯಲ್ಲಿ ಬಿಳಿ ಬಟ್ಟೆ ಹಾಸಿ ಒಂದರ ಮೇಲೊಂದು ಜೋಡಿಸಿದ ರೊಟ್ಟಿ ಆಟೋದಲ್ಲಿ ಬಂದಿರುತ್ತದೆ. ತಂದ ಹೆಣ್ಣುಮಗಳು ಐದೈದರ ಲೆಕ್ಕದಲ್ಲಿ ಎಣಿಸುತ್ತಾಳೆ, ಒಳಗಿನ ಹುಡುಗ ಮುರಿದದ್ದನ್ನು ಬೇರೆ ತೆಗೆದಿಡುತ್ತಾನೆ, ಇಬ್ಬರೂ ಒಪ್ಪಿದ ಅಂಕಿ ಸಣ್ಣ ಪುಸ್ತಕಕ್ಕೆ ಬೀಳುತ್ತದೆ. ವಾರಕ್ಕೊಮ್ಮೆ ಚುಕ್ತಾ. ಒಂದಕ್ಕೆ 8 ರೂಪಾಯಿ ಅಂದರೆ ಮೂರಕ್ಕೆ 24 ಆಯಿತು. ಊಟದ ಬೆಲೆಯ ಐದರಲ್ಲೊಂದು ಪಾಲು ಊರಿನ ಹೆಂಗಸರ ಕೈಗೆ ನೇರವಾಗಿ ಹೋಯಿತು. ಅವರು ಜೋಳವನ್ನು ಇಲ್ಲೇ ಕೊಳ್ಳುತ್ತಾರೆ, ಗಿರಣಿಗೆ ಇಲ್ಲೇ ಹಾಕಿಸುತ್ತಾರೆ. ಜಿಲ್ಲಾಡಳಿತ ಸ್ವಸಹಾಯ ಸಂಘಗಳನ್ನು ಸೇರಿಸಿ 'ಕಲಬುರಗಿ ರೊಟ್ಟಿ' ಅನ್ನೋ ಹೆಸರಲ್ಲಿ ಮಾರಾಟಕ್ಕೆ ಇಳಿದದ್ದನ್ನು ನೀವು ಕೇಳಿರಬಹುದು. ಅದು ಒಳ್ಳೆಯ ಕೆಲಸ. ಆದರೆ ಅದಕ್ಕೂ ಮುಂಚಿನಿಂದ, ಯಾವ ಹೆಸರೂ ಇಲ್ಲದೆ, ಈ ಹೆಂಗಸರ ಕಾಯಂ ಗಿರಾಕಿ ಖಾನಾವಳಿಯೇ.

ಉಳಿದದ್ದು ಬೇಗ ನೋಡೋಣ. ತರಕಾರಿ, ಸೊಪ್ಪು, ಮೊಸರಿಗೆ 20. ಕಣ್ಣಿ ಮಾರ್ಕೆಟ್ಟಿಗೆ ಸುತ್ತಲಿನ ಹಳ್ಳಿಗಳಿಂದ ಬರುವುದೂ ಇದೆ, ಹೊರಗಿನಿಂದ ಲಾರಿಯಲ್ಲಿ ಬರುವುದೂ ಇದೆ. ಅದರಲ್ಲಿ 12 ಊರಿನ ಸುತ್ತ ಉಳಿಯಿತು ಅನ್ನಿ. ಅಕ್ಕಿ, ಬೇಳೆ, ಎಣ್ಣೆ, ಮಸಾಲೆಗೆ 18. ತೊಗರಿ ನಮ್ಮದೇ, ಎಣ್ಣೆ ಪ್ಯಾಕೆಟ್ಟು ಮತ್ತು ಅಕ್ಕಿ ಹೊರಗಿನದು. 6 ಉಳಿಯಿತು. ಗ್ಯಾಸು, ಕರೆಂಟಿಗೆ 12, ಅದು ಪೂರ್ತಿ ಹೊರಗೆ. ಪಗಾರಕ್ಕೆ 22, ಅದರಲ್ಲಿ 20 ಇಲ್ಲೇ. ಬಾಡಿಗೆ 10, ಮಳಿಗೆಯ ಮಾಲಕರು ಊರಿನವರೇ ಆದರೆ ಪೂರ್ತಿ ಇಲ್ಲೇ. ಕಾಂಪೋಜಿಷನ್ ಸ್ಕೀಮಿನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿಯಲ್ಲಿ, ಒಟ್ಟು ವ್ಯಾಪಾರದ ಮೇಲೆ 5% ಜಿ.ಎಸ್.ಟಿ., ಅಂದರೆ 6 ರೂಪಾಯಿ ಸರ್ಕಾರಕ್ಕೆ. ಕೊನೆಗೆ ಮಾಲಕರಿಗೆ ಉಳಿದದ್ದು 8. ಅದರಲ್ಲಿ 6 ಇಲ್ಲೇ ಖರ್ಚಾಗುತ್ತದೆ ಅನ್ನಿ. ಕೂಡಿಸಿದರೆ 120ರಲ್ಲಿ 78 ರೂಪಾಯಿ ಊರಲ್ಲೇ ಉಳಿಯಿತು. ನೂರಕ್ಕೆ 65.

ಇಲ್ಲಿ ನಿಮ್ಮ ಅಪ್ಪನ ಮಾತಿಗೆ ಒಂದು ಉತ್ತರ ಸಿಗುತ್ತದೆ. ರೊಕ್ಕ ಉಡುಪಿಗೆ ಹೋಗುತ್ತದೆ ಅನ್ನುವಾಗ ಅವರ ಮನಸ್ಸಲ್ಲಿರುವುದು ಮಾಲಕರ ಲಾಭ. ಆದರೆ ಒಂದು ಊಟದಲ್ಲಿ ಲಾಭದ ಪಾಲು ಎಷ್ಟು ಸಣ್ಣದು ನೋಡಿದಿರಲ್ವಾ? ಮಾಲಕರು ಆ 8 ರೂಪಾಯಿಯನ್ನು ಪೂರ್ತಿ ತಮ್ಮ ಹುಟ್ಟೂರಿಗೆ ಕಳಿಸಿದರೂ ಲೆಕ್ಕ ಬಹಳ ಬದಲಾಗೋದಿಲ್ಲ. ಕರಾವಳಿಯಿಂದ ಬಂದು ಇಲ್ಲಿ ಹೋಟೆಲು ಇಟ್ಟವರಲ್ಲಿ ಎಷ್ಟೋ ಮನೆತನಗಳು ಎರಡು ಮೂರು ತಲೆಮಾರಿನಿಂದ ಇಲ್ಲೇ ಇವೆ. ಅವರ ಮನೆ ಇಲ್ಲಿ, ಮಕ್ಕಳ ಶಾಲೆ ಇಲ್ಲಿ, ಮುಪ್ಪಿನ ಔಷಧಿಯೂ ಇಲ್ಲಿಯದೇ. ಅವರನ್ನು ಹೊರಗಿನವರು ಅಂತ ಲೆಕ್ಕಕ್ಕೆ ಹಿಡಿಯುವುದು ತಪ್ಪು.

ತೊಗರಿಯ ಬಗ್ಗೆ ಒಂದು ಮಾತು ಸೇರಿಸಬೇಕು. ತೊಗರಿಯ ಕಣಜ ಅನ್ನೋ ಹೆಸರು ನಮಗಿದೆ, 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಹಾಗಂತ ಹೋಟೆಲುಗಳಿಂದ ತೊಗರಿ ರೈತ ಬದುಕುತ್ತಾನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲಿ ಬೆಳೆಯುವ ತೊಗರಿಯ ಮುಂದೆ ಊರಿನ ಹೋಟೆಲುಗಳೆಲ್ಲ ಸೇರಿ ಬೇಯಿಸುವ ಬೇಳೆ ಲೆಕ್ಕಕ್ಕೇ ಬರದಷ್ಟು. ನಮ್ಮ ಧಾನ್ಯದ ಪೇಟೆ ನೆಹರೂ ಗಂಜಿನಲ್ಲಿ ತೊಗರಿಯ ದರ ನಿಲ್ಲುವುದು ದೇಶದ ಬೇಡಿಕೆ, ಆಮದು, ಬೆಂಬಲ ಬೆಲೆ ಇವುಗಳ ಮೇಲೆ. ಹೋಟೆಲಿನಿಂದ ನಿಜವಾಗಿ ಬದುಕುವವರು ರೊಟ್ಟಿ ಬಡಿಯುವವರು, ಸೊಪ್ಪು ಬೆಳೆಯುವವರು, ಹಾಲಿನವರು, ಬಟ್ಟೆ ಒಗೆಯುವವರು, ಪಾತ್ರೆ ತಿಕ್ಕುವವರು. ಅವರ ಸರಕಾಗಲಿ ಕೆಲಸವಾಗಲಿ ದೂರದ ಪೇಟೆಗೆ ಹೋಗುವಂಥದ್ದಲ್ಲ.

ಈಗ ಲಾಡ್ಜು. ರೈಲ್ವೆ ಸ್ಟೇಷನ್ ರಸ್ತೆಯಲ್ಲೋ ಸೇಡಂ ರಸ್ತೆಯಲ್ಲೋ ಒಂದು ಎ.ಸಿ. ಕೋಣೆ, ದಿನಕ್ಕೆ 1,500. ಮೊಬೈಲ್ ಆ್ಯಪಿನಲ್ಲಿ ಬುಕ್ ಆಗಿದೆ. ಇದೂ ಉದಾಹರಣೆಯ ಲೆಕ್ಕವೇ. ಆ್ಯಪಿನ ಕಮಿಷನ್ ನೂರಕ್ಕೆ 20ರಂತೆ 300. ಬ್ಯಾಂಕ್ ಕಂತು 350. ಪಗಾರ 250. ಕರೆಂಟು 150. ಬಟ್ಟೆ ಒಗೆತ, ಸಾಬೂನು, ನೀರು 100. ರಿಪೇರಿ 60. ಆಸ್ತಿ ತೆರಿಗೆ, ಲೈಸೆನ್ಸ್ 40. ಮಾಲಕರಿಗೆ 250. ಇದರಲ್ಲಿ ಊರಲ್ಲಿ ಉಳಿಯುವುದನ್ನು ಕೂಡಿಸಿ. ಪಗಾರದಲ್ಲಿ 230, ಒಗೆತದಲ್ಲಿ 70, ರಿಪೇರಿಯಲ್ಲಿ 40, ಪಾಲಿಕೆಗೆ 40, ಮಾಲಕರದ್ದು 200. ಒಟ್ಟು 580. ನೂರಕ್ಕೆ 39 ಅಷ್ಟೇ.

ಅದೇ ಗಿರಾಕಿ ಆ್ಯಪ್ ಬಿಟ್ಟು ನೇರವಾಗಿ ಫೋನ್ ಮಾಡಿ ಬಂದರೆ? ಆ 300ರಲ್ಲಿ 240 ಊರಲ್ಲೇ ಉಳಿಯಿತು ಅಂತ ಇಟ್ಟುಕೊಂಡರೆ ಒಟ್ಟು 820. ನೂರಕ್ಕೆ 55ರ ಹತ್ತಿರ ಬಂತು. ಒಂದು ಫೋನ್ ಕರೆಯಿಂದ ಇಷ್ಟು ವ್ಯತ್ಯಾಸ. ಸಾಲ ತೀರಿದ ಹಳೆಯ ಲಾಡ್ಜಿನಲ್ಲಿ ಇನ್ನೂ ಜಾಸ್ತಿ ಉಳಿಯುತ್ತದೆ. ಆ್ಯಪನ್ನು ಬೈಯೋಕೆ ಇದನ್ನು ಹೇಳುತ್ತಿಲ್ಲ. ಊರಿನ ಪರಿಚಯವೇ ಇಲ್ಲದವರಿಗೆ ಅದರಿಂದಲೇ ಧೈರ್ಯ ಬರುತ್ತದೆ, ಖಾಲಿ ಬೀಳಬೇಕಾದ ಕೋಣೆ ತುಂಬುತ್ತದೆ. ಆದರೆ ಪ್ರತಿ ತಿಂಗಳೂ ಕೋರ್ಟಿಗೆ ಬರುವ ಗಿರಾಕಿಯೂ ಆ್ಯಪಿನಿಂದಲೇ ಬರುತ್ತಿದ್ದಾನೆ ಅಂದರೆ ಅಲ್ಲಿ ಲಾಡ್ಜಿನವರು ಕೈಬಿಟ್ಟಿದ್ದು ಬಹಳ ಇದೆ. ನಾನು ಲಾಡ್ಜಿನವರಿಗೆ ಮೊದಲು ಹೇಳುವುದು ಇದನ್ನೇ: ಬಂದು ಹೋದವರ ಫೋನ್ ನಂಬರ್ ಇಟ್ಟುಕೊಳ್ಳಿ, ಅವರು ಕೇಳಿದಾಗ ಅದೇ ದರಕ್ಕೆ ನೇರವಾಗಿ ಕೊಡಿ.

ಈ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು, ಖಾನಾವಳಿಯೇ ಮೇಲು, ಲಾಡ್ಜು ಕೀಳು ಅನ್ನೋ ತೀರ್ಮಾನಕ್ಕೆ ಹೋಗಬೇಡಿ. ಲಾಡ್ಜಿನ ಕೊಡುಗೆ ಅದರ ಕಿರ್ದಿ ಪುಸ್ತಕದಲ್ಲಿ ಪೂರ್ತಿ ಸಿಗೋದಿಲ್ಲ. ರಾತ್ರಿ ಉಳಿದವನು ಸಂಜೆ ಊಟ ಮಾಡುತ್ತಾನೆ, ಬೆಳಿಗ್ಗೆ ಸುಸ್ಲಾ, ಮಿರ್ಚಿ ಭಜಿ ತಿನ್ನುತ್ತಾನೆ, ಆಟೋ ಹತ್ತುತ್ತಾನೆ, ಝೆರಾಕ್ಸ್ ಮಾಡಿಸುತ್ತಾನೆ, ಔಷಧಿ ಕೊಳ್ಳುತ್ತಾನೆ, ಹೊತ್ತು ಮಿಕ್ಕರೆ ಮಕ್ಕಳಿಗೆ ಬಟ್ಟೆಯನ್ನೂ ಕೊಳ್ಳುತ್ತಾನೆ. ಸಂಜೆಯ ರೈಲಿಗೆ ಹೊರಟವನು ಇದ್ಯಾವುದನ್ನೂ ಮಾಡುವುದಿಲ್ಲ. ಲಾಡ್ಜು ಅವನನ್ನು ಊರಿಗೆ ಕರೆತಂದಿಲ್ಲ ಅನ್ನೋದೂ ನಿಜ. ಕರೆತಂದದ್ದು ಕೋರ್ಟು. ಹಾಗಾಗಿ ಅವನು ಖರ್ಚು ಮಾಡಿದ್ದೆಲ್ಲ ಹೋಟೆಲಿನ ಪುಣ್ಯ ಅಂತ ಬರೆದುಕೊಳ್ಳುವುದು ಸರಿಯಲ್ಲ. ಲಾಡ್ಜು ಇರದಿದ್ದರೆ ಅವನು ಅದೇ ರಾತ್ರಿ ಹೊರಡುತ್ತಿದ್ದನೇ ಅಂತ ಕೇಳಿ. ಹೌದಾದರೆ ಆ ರಾತ್ರಿಯ ಖರ್ಚು ಲಾಡ್ಜಿನ ಲೆಕ್ಕಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ ಇದೇ, ಎಲ್ಲರೂ ಮರೆಯುವ ಪ್ರಶ್ನೆಯೂ ಇದೇ.

ಗಾಣಗಾಪುರ ನೋಡಿ. ದತ್ತಾತ್ರೇಯನ ದರ್ಶನಕ್ಕೆ ಮಹಾರಾಷ್ಟ್ರದಿಂದ ಎಷ್ಟು ಜನ ಬರುತ್ತಾರೆ! ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿದು, ದರ್ಶನ ಮುಗಿಸಿ, ಅದೇ ದಾರಿಯಲ್ಲಿ ವಾಪಸ್. ಕಲಬುರಗಿಯ ಕೋಟೆ, ಅದರೊಳಗಿನ 1367ರ ಜಾಮಿಯಾ ಮಸೀದಿ, ಹಫ್ತ್ ಗುಂಬಜ್, ಬುದ್ಧ ವಿಹಾರ, ಸ್ವಲ್ಪ ದೂರ ಹೋದರೆ ರಾಷ್ಟ್ರಕೂಟರ ಮಳಖೇಡ, ಅಶೋಕನ ಶಿಲ್ಪ ಸಿಕ್ಕ ಸನ್ನತಿ, ಇದ್ಯಾವುದೂ ಅವರ ಪಟ್ಟಿಯಲ್ಲಿ ಇಲ್ಲ. ಅವರಲ್ಲಿ ಹತ್ತರಲ್ಲಿ ಒಬ್ಬರು ಕಲಬುರಗಿಯಲ್ಲಿ ಒಂದು ರಾತ್ರಿ ಉಳಿದರೂ ಹೊಸ ಗಿರಾಕಿಯನ್ನು ದೂರದಿಂದ ಹುಡುಕಿ ತರುವ ಕಷ್ಟ ತಪ್ಪುತ್ತದೆ. ರೈಲು ಸೌಕರ್ಯ ಎರಡೂ ಕಡೆ ಕೆಲಸ ಮಾಡುತ್ತದೆ ಅನ್ನೋದನ್ನೂ ಮರೆಯಬೇಡಿ. 2017ರಲ್ಲಿ ಬೀದರ್–ಕಲಬುರಗಿ ಮಾರ್ಗ ಶುರುವಾಯಿತು, 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ವಂದೇ ಭಾರತ್ ಬಂತು. ಜನ ಬರುವುದು ಸುಲಭವಾಯಿತು, ಅದೇ ದಿನ ಹೊರಡುವುದೂ ಸುಲಭವಾಯಿತು.

ನೀವು ಓದುವ ಗುಣಕದ ಮಾತಿಗೆ ಬರೋಣ, ಅಂದರೆ ಹೊರಗಿನಿಂದ ಬಂದ ರೊಕ್ಕ ಕೈಯಿಂದ ಕೈಗೆ ಹೋಗುತ್ತಾ ಒಟ್ಟು ಎಷ್ಟು ಆದಾಯ ಆಗುತ್ತದೆ ಅನ್ನೋ ಲೆಕ್ಕ. ಊರಲ್ಲಿ ಉಳಿದ ರೊಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ರೊಟ್ಟಿಯಾಕೆ ಕಿರಾಣಿಗೆ ಕೊಡುತ್ತಾಳೆ, ಕಿರಾಣಿಯವರು ಹಮಾಲರಿಗೆ ಕೊಡುತ್ತಾರೆ. ಪ್ರತಿ ಕೈ ಬದಲಾದಾಗಲೂ ಒಂದು ಪಾಲು ಊರಿಂದ ಸೋರುತ್ತದೆ. ನೂರು ರೂಪಾಯಿಯಲ್ಲಿ ಪ್ರತಿ ಸುತ್ತಿಗೂ ಅರ್ಧ ಉಳಿದರೆ 50, 25, 12.5 ಹೀಗೆ ಕೂಡುತ್ತಾ ಹೋಗಿ ಊರಿನ ಆದಾಯ ಒಟ್ಟು 100ಕ್ಕೆ ಬರುತ್ತದೆ. ಪ್ರತಿ ಸುತ್ತಿಗೂ 30% ಮಾತ್ರ ಉಳಿದರೆ ಒಟ್ಟು 43 ದಾಟುವುದಿಲ್ಲ. ಉಳಿಯುವ ಪಾಲಿನಲ್ಲಿ 20ರ ವ್ಯತ್ಯಾಸ, ಕೊನೆಯ ಮೊತ್ತದಲ್ಲಿ ದುಪ್ಪಟ್ಟಿಗೂ ಹೆಚ್ಚು. ಒಂದು ರೂಪಾಯಿ ಊರಿಗೆ ಬಂದರೆ ಮೂರು ರೂಪಾಯಿ ಆಗುತ್ತದೆ ಅನ್ನುವವರನ್ನು ನಂಬಬೇಡಿ. ಅಂಥ ಅಂಕಿ ಇಡೀ ದೇಶಕ್ಕೆ ಹೊಂದಬಹುದು. ನಮ್ಮಂಥ ಊರಲ್ಲಿ ಪೆಟ್ರೋಲು, ಮೊಬೈಲು, ರೀಚಾರ್ಜು, ಟಿ.ವಿ. ಎಲ್ಲ ಹೊರಗಿನದು. ಮದುವೆ ಸೀರೆಗೆ ಹೈದರಾಬಾದ್, ಹಾಸಿಗೆ ಚಾದರಕ್ಕೆ ಸೊಲ್ಲಾಪುರ. ಊರು ಚಿಕ್ಕದಾದಷ್ಟೂ ಸೋರುವುದು ಜಾಸ್ತಿ.

ಊರಿನವರ ಖರ್ಚು ಪೂರ್ತಿ ಲೆಕ್ಕಕ್ಕಿಲ್ಲ ಅಂತ ಮೇಲೆ ಹೇಳಿದೆ. ಅದಕ್ಕೊಂದು ತಿದ್ದುಪಡಿ ಬೇಕು. ಮದುವೆಯ ಆರತಕ್ಷತೆಯನ್ನು ಹೈದರಾಬಾದಿನಲ್ಲಿ ಇಟ್ಟುಕೊಳ್ಳುತ್ತಿದ್ದ ಮನೆಯವರು ಈಗ ಕಲಬುರಗಿಯ ಹೋಟೆಲ್ ಹಾಲಿನಲ್ಲೇ ಮಾಡಿದರೆ ಹೊರಗೆ ಹೋಗಬೇಕಾದ ರೊಕ್ಕ ಊರಲ್ಲಿ ನಿಂತಿತು. ಅದು ಹೊರಗಿನಿಂದ ಬಂದದ್ದಕ್ಕೆ ಸಮ. ಕಂಪನಿಗಳ ಮೀಟಿಂಗು, ವೈದ್ಯರ ಸಮಾವೇಶ ಕೂಡ ಹಾಗೆಯೇ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ಬರುವ ಅಧಿಕಾರಿಗಳು ಒಳ್ಳೆಯ ಕೋಣೆ ಸಿಗದಿದ್ದರೆ ಹೈದರಾಬಾದಿನಲ್ಲಿ ಉಳಿದು ಕಾರಿನಲ್ಲಿ ಓಡಾಡುತ್ತಾರೆ. ದೊಡ್ಡ ಹೋಟೆಲಿನ ನಿಜವಾದ ಉಪಯೋಗ ಇಲ್ಲಿದೆ. ಪಕ್ಕದ ಖಾನಾವಳಿಯ ಗಿರಾಕಿಯನ್ನೇ ಎಳೆದುಕೊಂಡರೆ ಅದರಿಂದ ಊರಿಗೆ ಹೊಸದಾಗಿ ಏನೂ ಬರುವುದಿಲ್ಲ. ಒಂದು ಕಡೆ 30 ಕೆಲಸ ಹುಟ್ಟಿ ಇನ್ನೊಂದು ಕಡೆ 25 ಹೋದರೆ ಪತ್ರಿಕೆಯಲ್ಲಿ ಮೂವತ್ತರ ಸುದ್ದಿ ಮಾತ್ರ ಬರುತ್ತದೆ.

ಕೆಲಸದ ವಿಷಯಕ್ಕೆ ಬಂದರೆ ನನಗೆ ಸಂಕಟವೂ ಆಗುತ್ತದೆ, ಸಿಟ್ಟೂ ಬರುತ್ತದೆ. ನಮ್ಮ ತಾಲೂಕುಗಳಿಂದ, ಯಾದಗಿರಿ ಕಡೆಯಿಂದ ಎಷ್ಟೋ ಮನೆಗಳು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯೋಕೆ ಹೋಗುತ್ತವೆ. ದೊಡ್ಡ ಓದು ಇಲ್ಲದವನಿಗೂ ಮಾರನೇ ದಿನವೇ ಕೆಲಸ ಕೊಡಬಲ್ಲ ಉದ್ಯಮ ಊರಲ್ಲಿ ಎಷ್ಟಿವೆ? ಹೋಟೆಲು ಅಂಥದ್ದೊಂದು. ಟೇಬಲ್ ಒರೆಸೋಕೆ ಸೇರಿದ ಹುಡುಗ ಸಪ್ಲೈಯರ್ ಆಗಿ, ಆಮೇಲೆ ಅಡುಗೆ ಕಲಿತು, ಕೊನೆಗೆ ತನ್ನದೇ ಬಂಡಿ ಇಟ್ಟದ್ದನ್ನು ನಾನು ಹಲವು ಸಲ ನೋಡಿದ್ದೇನೆ. ಆದರೆ ಪಗಾರದ ಪುಸ್ತಕ ನೋಡಿ. ಹತ್ತು ಜನ ಆದರೆ ಇ.ಎಸ್.ಐ. ಕಟ್ಟಬೇಕು, ಇಪ್ಪತ್ತು ಆದರೆ ಪಿ.ಎಫ್. ಕಟ್ಟಬೇಕು. ಹಾಗಾಗಿ ರಿಜಿಸ್ಟರಿನಲ್ಲಿ ಒಂಬತ್ತೇ ಹೆಸರು ಇರುವ, ಅಡುಗೆಮನೆಯಲ್ಲಿ ಹದಿನಾಲ್ಕು ಜನ ದುಡಿಯುವ ಜಾಗಗಳಿವೆ. 21,000ದವರೆಗಿನ ಪಗಾರಕ್ಕೆ ಇ.ಎಸ್.ಐ.ಯಲ್ಲಿ ಮಾಲಕರು ಕಟ್ಟಬೇಕಾದ್ದು 3.25%, ಕೆಲಸದವರದು 0.75%. 12,000 ಪಗಾರದವನಿಗೆ ಮಾಲಕರ ಪಾಲು 390 ರೂಪಾಯಿ, ಅವನದು 90. ಇಷ್ಟು ಕಟ್ಟಿದ್ದರೆ ಬಿಸಿ ಎಣ್ಣೆ ಮೈಮೇಲೆ ಬಿದ್ದ ಅಡುಗೆಯವನಿಗೆ ಸೇಡಂ ರಸ್ತೆಯ ಇ.ಎಸ್.ಐ. ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ಚಿಕಿತ್ಸೆ ಸಿಗುತ್ತದೆ. ಕಟ್ಟದಿದ್ದರೆ ಅವನು ಬಡ್ಡಿಗೆ ಸಾಲ ಎತ್ತುತ್ತಾನೆ. ಹೋಟೆಲಿನ ಕೊಡುಗೆ ಲೆಕ್ಕ ಹಾಕುವಾಗ ಈ ಕೊರತೆಯನ್ನೂ ಬರೆಯಬೇಕು ಅನ್ನೋದು ನನ್ನ ಖಂಡಿತ ಅಭಿಪ್ರಾಯ.

ತೆರಿಗೆಯ ಬಗ್ಗೆ ಸ್ವಲ್ಪ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿ.ಎಸ್.ಟಿ. 12%ರಿಂದ 5%ಗೆ ಇಳಿಯಿತು. ಕಲಬುರಗಿಯ ಹೆಚ್ಚುಕಡಿಮೆ ಎಲ್ಲ ಕೋಣೆಗಳೂ ಇದರೊಳಗೇ ಬರುತ್ತವೆ. ಆದರೆ ಈ 5% ದರ ಹಾಕುವ ಲಾಡ್ಜಿನವರಿಗೆ, ತಾವು ಕೊಂಡ ಸರಕಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗೋದಿಲ್ಲ. ಇದರಿಂದ ಗಮನಕ್ಕೆ ಬಾರದ ಒಂದು ಬದಲಾವಣೆ ಆಗಿದೆ. ಮುಂಚೆ ಲಾಡ್ಜಿನವರು ತೆರಿಗೆ ವಾಪಸಿಗಾಗಿ ಜಿ.ಎಸ್.ಟಿ. ಬಿಲ್ಲು ಕೊಡುವ ದೊಡ್ಡ ಸಪ್ಲೈಯರ್‌ಗಳನ್ನೇ ಹುಡುಕುತ್ತಿದ್ದರು. ಈಗ ಆ ಆಸೆ ಇಲ್ಲ. ಬಿಲ್ಲು ಪುಸ್ತಕ ಇಲ್ಲದ ಸಣ್ಣ ಲಾಂಡ್ರಿಯವರು, ಊರಿನ ಬಡಗಿ ಈಗ ಅವರ ಜೊತೆ ಸರಿಸಮನಾಗಿ ದರ ಹೇಳಬಹುದು. ತೆರಿಗೆಯಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಮಹಾನಗರ ಪಾಲಿಕೆಗೆ ನೇರವಾಗಿ ಬರುವುದು ಆಸ್ತಿ ತೆರಿಗೆ, ಟ್ರೇಡ್ ಲೈಸೆನ್ಸ್, ನೀರಿನ ಶುಲ್ಕ ಅಷ್ಟೇ. ಕಸ ಎತ್ತುವ, ಚರಂಡಿ ನೋಡಿಕೊಳ್ಳುವ ಹೊರೆ ಪಾಲಿಕೆಯದ್ದು. ಹೋಟೆಲುಗಳು ಹಸಿ ಕಸವನ್ನು ಆದಷ್ಟು ತಮ್ಮ ಜಾಗದಲ್ಲೇ ಗೊಬ್ಬರವೋ ಗ್ಯಾಸೋ ಮಾಡಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ಎಂಜಲೆಲೆಯ ಬಗ್ಗೆ ನಿಮ್ಮ ಅಪ್ಪನ ದೂರು ಈ ವಿಷಯದಲ್ಲಿ ಪೂರ್ತಿ ನ್ಯಾಯವಾದದ್ದು.

ಸಹಾಯಧನ ಬೇಕೇ? ರಾಜ್ಯದ 2024–29ರ ಪ್ರವಾಸೋದ್ಯಮ ನೀತಿಯಲ್ಲಿ ಹೂಡಿಕೆಗೆ ಪ್ರೋತ್ಸಾಹ ಇದೆ. ನಾನು ಬೇಡ ಅನ್ನುವುದಿಲ್ಲ, ಷರತ್ತು ಹಾಕಿ ಅನ್ನುತ್ತೇನೆ. ಕಟ್ಟಡಕ್ಕೆ ಕೊಡುವ ರೊಕ್ಕದಲ್ಲಿ ಲಿಫ್ಟು, ಎ.ಸಿ., ಸ್ಟೀಲಿನ ಪಾಲು ಆ ದಿನವೇ ಊರು ಬಿಡುತ್ತದೆ. ಶಹಾಬಾದ್ ಕಲ್ಲು, ಗೌಂಡಿ ಕೆಲಸ ಇಷ್ಟು ಇಲ್ಲಿ ಉಳಿಯಬಹುದು. ಅದರ ಬದಲು ಪಿ.ಎಫ್., ಇ.ಎಸ್.ಐ. ಕಟ್ಟಿ ಸ್ಥಳೀಯರನ್ನು ಇಟ್ಟುಕೊಂಡವರಿಗೆ ತಲೆಗಿಷ್ಟು ಅಂತ ಎರಡು ಮೂರು ವರ್ಷ ಕೊಡಲಿ. ಆಸ್ಪತ್ರೆಗಳ ಹತ್ತಿರ ಕಡಿಮೆ ದರದ ಕೋಣೆ ಕಟ್ಟುವವರಿಗೆ ಮೊದಲು ಕೊಡಲಿ. ಗಾಣಗಾಪುರದಿಂದ ಕಲಬುರಗಿಯ ಕೋಟೆ, ದರ್ಗಾ, ಬುದ್ಧ ವಿಹಾರ ಸುತ್ತಿಸುವ ಬಸ್ಸೊಂದು ದಿನಾ ಓಡಲಿ. ಒಂದು ದೊಡ್ಡ ಹೋಟೆಲಿಗೆ ಕೊಡುವ ಸಹಾಯಧನಕ್ಕಿಂತ ಅಂಥ ಬಸ್ಸಿನಿಂದ ತುಂಬುವ ಕೋಣೆಗಳೇ ಜಾಸ್ತಿ ಅಂತ ನನ್ನ ನಂಬಿಕೆ.

ನೀವು ಇದನ್ನೇ ಪ್ರಬಂಧಕ್ಕೆ ತಗೊಂಡರೆ ದೊಡ್ಡ ಸಮೀಕ್ಷೆಗೆ ಹೋಗಬೇಡಿ. ಒಂದು ಖಾನಾವಳಿ, ಒಂದು ಹಳೆಯ ಲಾಡ್ಜು, ಒಂದು ಹೊಸ ಎ.ಸಿ. ಹೋಟೆಲು ಹಿಡಿಯಿರಿ. ಪ್ರತಿಯೊಂದರ ಖರ್ಚಿನ ಪುಸ್ತಕದಲ್ಲಿ ರೊಕ್ಕ ಪಡೆದವರು ಊರಿನವರೇ, ಜಿಲ್ಲೆಯವರೇ, ಹೊರಗಿನವರೇ ಅಂತ ಮೂರು ಕಾಲಮ್ಮು ಮಾಡಿ. ಹೆಸರು ಬೇಡ, ಊರು ಸಾಕು ಅಂತ ಹೇಳಿದರೆ ಮಾಲಕರು ಸಾಮಾನ್ಯವಾಗಿ ತೋರಿಸುತ್ತಾರೆ. ಗಿರಾಕಿಗಳಿಗೆ ಎರಡೇ ಪ್ರಶ್ನೆ ಕೇಳಿ: ಏನು ಕೆಲಸಕ್ಕೆ ಬಂದಿರಿ, ಇಲ್ಲಿ ಕೋಣೆ ಸಿಗದಿದ್ದರೆ ಏನು ಮಾಡುತ್ತಿದ್ದಿರಿ. ಕೋರ್ಟಿಗೆ ರಜೆ ಇರುವ ತಿಂಗಳು ಒಂದು, ಕೋರ್ಟು ನಡೆಯುವ ತಿಂಗಳು ಒಂದು ತಗೊಳ್ಳಿ. ಎರಡು ವರ್ಷ ಹೋಲಿಸುವುದಾದರೆ ಉರುಸಿನ ದಿನಾಂಕ ಮೊದಲು ನೋಡಿಕೊಳ್ಳಿ. ಅದು ಹಿಜ್ರಿ ಚಾಂದ್ರಮಾನದ ಲೆಕ್ಕದಲ್ಲಿ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಹೋದ ವರ್ಷ ಉರುಸು ಬಿದ್ದ ತಿಂಗಳನ್ನು ಈ ವರ್ಷ ಉರುಸು ಇಲ್ಲದ ಅದೇ ತಿಂಗಳ ಜೊತೆ ಇಟ್ಟರೆ ವ್ಯಾಪಾರ ಬಿದ್ದುಹೋಗಿದೆ ಅಂತ ಅನ್ನಿಸಿಬಿಡುತ್ತದೆ.